ಒಂದು ಪ್ರತಿಕಾಯದ ಪರೀಕ್ಷೆ: ಎಎಂಪಿ ಪ್ರಯೋಗ ಕಲಿಸಿದ್ದು

ಪ್ರತಿಕಾಯವನ್ನು ನೇರವಾಗಿ ರಕ್ತಕ್ಕೆ ಸೇರಿಸಿದರೆ ಎಚ್‌ಐವಿ ಸೋಂಕು ತಡೆಯಬಹುದೇ ಎಂಬುದನ್ನು ಮನುಷ್ಯರಲ್ಲಿ ದೊಡ್ಡ ಪ್ರಮಾಣದಲ್ಲಿ ಮೊದಲು ಪರೀಕ್ಷಿಸಿದ್ದು ಎಎಂಪಿ ಪ್ರಯೋಗ. 2016ರಲ್ಲಿ ಆರಂಭವಾದ ಈ ಜೋಡಿ ಅಧ್ಯಯನದಲ್ಲಿ 4,600ಕ್ಕೂ ಹೆಚ್ಚು ಮಂದಿ ಭಾಗವಹಿಸಿದರು. ಆಫ್ರಿಕಾದ ಅಧ್ಯಯನದಲ್ಲಿ ಮಹಿಳೆಯರಿದ್ದರು. ಅಮೆರಿಕ, ಪೆರು, ಬ್ರೆಜಿಲ್ ಮತ್ತು ಸ್ವಿಟ್ಜರ್‌ಲ್ಯಾಂಡ್‌ಗಳಲ್ಲಿ ಪುರುಷರೊಂದಿಗೆ ಸಂಬಂಧವಿರುವ ಪುರುಷರು ಹಾಗೂ ಲಿಂಗಪರಿವರ್ತಿತರಿದ್ದರು.

ಆಯ್ಕೆಯಾದ ಪ್ರತಿಕಾಯದ ಹೆಸರು ವಿಆರ್‌ಸಿ01. ಹಲವು ವರ್ಷ ಎಚ್‌ಐವಿಯೊಂದಿಗೆ ಬದುಕಿದ ವ್ಯಕ್ತಿಯೊಬ್ಬರ ರಕ್ತದಿಂದ ಬೇರ್ಪಡಿಸಿದ ಇದರ ವಿವರ 2010ರಲ್ಲಿ ಪ್ರಕಟವಾಗಿತ್ತು. ಎಚ್‌ಐವಿ ತನ್ನ ಹೊರಕವಚವನ್ನು ಸದಾ ಬದಲಿಸಿಕೊಳ್ಳುತ್ತದೆ, ಸಕ್ಕರೆಯ ಅಣುಗಳಿಂದ ಅದನ್ನು ಮುಚ್ಚಿಕೊಳ್ಳುತ್ತದೆ. ಆದರೆ ಮನುಷ್ಯನ ಸಿಡಿ4 ಕೋಶಕ್ಕೆ ಅಂಟುವ ಭಾಗವನ್ನು ಮಾತ್ರ ಅದು ಹೆಚ್ಚು ಬದಲಿಸುವಂತಿಲ್ಲ, ಬದಲಿಸಿದರೆ ಕೋಶದೊಳಕ್ಕೆ ಹೋಗುವುದೇ ಕಷ್ಟ. ವಿಆರ್‌ಸಿ01 ಹಿಡಿಯುವುದು ಈ ಭಾಗವನ್ನೇ. ಪ್ರಯೋಗಾಲಯದಲ್ಲಿ ಸುಮಾರು 90% ತಳಿಗಳನ್ನು ಅದು ತಡೆದಿತ್ತು.

ಪ್ರತಿ 8 ವಾರಕ್ಕೊಮ್ಮೆ, ಒಟ್ಟು 10 ಬಾರಿ ಡ್ರಿಪ್ ಮೂಲಕ ಪ್ರತಿಕಾಯವನ್ನೋ ಪ್ಲಸೀಬೊವನ್ನೋ ಕೊಡಲಾಯಿತು. 2021ರಲ್ಲಿ ಬಂದ ಫಲಿತಾಂಶ ನಿರಾಸೆ ತಂದಿತು: ಒಟ್ಟಾರೆ ರಕ್ಷಣೆ ಅಮೆರಿಕ ಖಂಡಗಳು ಮತ್ತು ಯುರೋಪಿನ ಅಧ್ಯಯನದಲ್ಲಿ 26.6%, ಆಫ್ರಿಕಾದಲ್ಲಿ 8.8%. ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಎರಡಕ್ಕೂ ಬೆಲೆ ಬರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ವಿಫಲ ಪ್ರಯೋಗಗಳ ಪಟ್ಟಿಗೆ ಇನ್ನೊಂದು ಸೇರ್ಪಡೆಯಾಗುತ್ತಿತ್ತು. ಸೋಂಕು ತಗಲಿದವರ ದೇಹದಿಂದ ವೈರಸ್ ಸಂಗ್ರಹಿಸಿ, ಪ್ರತಿಯೊಂದೂ ಪ್ರತಿಕಾಯಕ್ಕೆ ಎಷ್ಟು ಬಗ್ಗುತ್ತದೆ ಎಂದು ಅಳೆಯುವ ಯೋಜನೆ ಮೊದಲೇ ಇದ್ದುದು ಅಧ್ಯಯನವನ್ನು ಉಳಿಸಿತು. ಅಲ್ಪ ಪ್ರಮಾಣದ ಪ್ರತಿಕಾಯಕ್ಕೂ ಬಗ್ಗುವ ವೈರಸ್‌ಗಳ ವಿರುದ್ಧ ರಕ್ಷಣೆ 75% ಎಂದು ತಿಳಿಯಿತು. ಪ್ರತಿಕಾಯವೊಂದೇ ಮನುಷ್ಯನನ್ನು ಎಚ್‌ಐವಿಯಿಂದ ಕಾಪಾಡಬಲ್ಲದು ಎಂಬುದಕ್ಕೆ ಸಿಕ್ಕ ಈ ಪುರಾವೆ ಸಣ್ಣದಲ್ಲ. ಆದರೆ ಆ ಗುಂಪಿನಲ್ಲಿ ಸೋಂಕುಗಳ ಸಂಖ್ಯೆ ಕಡಿಮೆಯಿದ್ದುದರಿಂದ ನಿಜವಾದ ಮೌಲ್ಯ 45%ರಿಂದ 89%ರ ನಡುವೆ ಎಲ್ಲಿಯಾದರೂ ಇರಬಹುದು. ಪ್ರಯೋಗ ನಡೆದ ಪ್ರದೇಶಗಳಲ್ಲಿ ಹರಡಿದ್ದ ವೈರಸ್‌ಗಳಲ್ಲಿ ಅಂಥವುಗಳ ಪಾಲೂ ಸುಮಾರು 30% ಮಾತ್ರ.

ಪ್ರಯೋಗದ ದೊಡ್ಡ ದೋಷ ಕಾಣುವುದು ಇಲ್ಲಿಯೇ. 90% ಎಂಬ ಭರವಸೆ ಬಂದದ್ದು ಸಡಿಲವಾದ ಅಳತೆಯಿಂದ: ವೈರಸ್ಸನ್ನು ಅರ್ಧದಷ್ಟು ತಡೆದರೂ, ಅದಕ್ಕೆ ಭಾರೀ ಪ್ರಮಾಣದ ಪ್ರತಿಕಾಯ ಬೇಕಾದರೂ ಗೆಲುವೆಂದು ಎಣಿಸಲಾಗಿತ್ತು. ಮನುಷ್ಯನ ದೇಹ ಕೇಳಿದ್ದು ಅದಕ್ಕಿಂತ ಬಿಗಿಯಾದ ತಡೆಯನ್ನು. ಸದಾ ರೂಪ ಬದಲಿಸುವ ವೈರಸ್ಸಿನ ಎದುರು ಒಂದೇ ಪ್ರತಿಕಾಯವನ್ನು ನಿಲ್ಲಿಸಿದ್ದೂ ದುರ್ಬಲ ಆಯ್ಕೆ. ಎರಡು ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಬಂದು ಡ್ರಿಪ್ ಹಾಕಿಸಿಕೊಳ್ಳುವ ವಿಧಾನ ಸಂಶೋಧನೆಗೆ ಒಪ್ಪಬಹುದು, ಬಡ ದೇಶಗಳ ಆರೋಗ್ಯ ವ್ಯವಸ್ಥೆಗೆ ಒಪ್ಪುವುದಿಲ್ಲ.

ಆದರೂ ಲಸಿಕೆ ವಿಜ್ಞಾನಕ್ಕೆ ಇದರಿಂದ ದೊರೆತ ಲಾಭ ಸ್ಪಷ್ಟ. ಪ್ರಯೋಗಾಲಯದಲ್ಲಿ ವೈರಸ್ಸನ್ನು 80% ತಡೆಯಲು ಬೇಕಾಗುವುದಕ್ಕಿಂತ ಸುಮಾರು 200 ಪಟ್ಟು ಪ್ರತಿಕಾಯ ರಕ್ತದಲ್ಲಿದ್ದರೆ 90% ರಕ್ಷಣೆ ಸಿಗಬಹುದೆಂಬ ಅಂದಾಜು ಈ ಮಾಹಿತಿಯಿಂದಲೇ ಹೊರಟಿತು. ಹಿಂದಿನ ಲಸಿಕೆಗಳಿಗೆ ಇಂಥ ಗುರಿ ಇರಲಿಲ್ಲ. ಥಾಯ್ಲೆಂಡಿನ ಆರ್‌ವಿ144 ಪ್ರಯೋಗ 2009ರಲ್ಲಿ 31% ರಕ್ಷಣೆ ತೋರಿಸಿದರೂ ಅದು ಹೇಗೆ ಸಿಕ್ಕಿತೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು.

ಇಂಥ ಪ್ರತಿಕಾಯವನ್ನು ದೇಹವೇ ತಯಾರಿಸುವಂತೆ ಮಾಡುವುದು ಲಸಿಕೆಯ ಕೆಲಸ. ಐಎವಿಐ ಜಿ001 ಪ್ರಯೋಗದಲ್ಲಿ ಲಸಿಕೆ ಪಡೆದ 36 ಜನರ ಪೈಕಿ 35 ಮಂದಿಯಲ್ಲಿ ವಿಆರ್‌ಸಿ01 ಬಗೆಯ ಪ್ರತಿಕಾಯಗಳಿಗೆ ಮೂಲವಾಗಬಲ್ಲ ಕೋಶಗಳು ಎಚ್ಚೆತ್ತವು. ಇದು ಮೊದಲ ಮೆಟ್ಟಿಲು ಮಾತ್ರ. ಆ ಕೋಶಗಳನ್ನು ಹಂತಹಂತವಾಗಿ ಪಳಗಿಸುವ ಮುಂದಿನ ಚುಚ್ಚುಮದ್ದುಗಳ ಸರಣಿ ಇನ್ನೂ ಪೂರ್ಣವಾಗಿ ರೂಪುಗೊಂಡಿಲ್ಲ. ಆಫ್ರಿಕಾದ ದಕ್ಷಿಣ ಭಾಗದಲ್ಲಿಯೂ ಭಾರತದಲ್ಲಿಯೂ ಹೆಚ್ಚಾಗಿರುವುದು ಸಿ ಉಪಪ್ರಕಾರದ ವೈರಸ್. ಆದ್ದರಿಂದ ಆಫ್ರಿಕಾದ ಮಹಿಳೆಯರು ಈ ಪ್ರಯೋಗಕ್ಕೆ ಕೊಟ್ಟ ಸಮಯ, ರಕ್ತ ಮತ್ತು ನಂಬಿಕೆಯ ಫಲ ಇಲ್ಲಿಯ ಜನರಿಗೂ ಸಲ್ಲುತ್ತದೆ. ಎಎಂಪಿ ಸೋಂಕನ್ನು ತಡೆಯುವಲ್ಲಿ ಸೋತಿತು. ಎಷ್ಟು ಬಲದ ಪ್ರತಿಕಾಯ ಬೇಕೆಂಬ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಕೊಡುವಲ್ಲಿ ಗೆದ್ದಿತು.