ಇಪ್ಪತ್ತೈದು ಗಂಟೆಯ ತಿಮಿಂಗಿಲ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಹರ್ಮನ್ ಮೆಲ್ವಿಲ್‌ನ ‘ಮೊಬಿ ಡಿಕ್’ ಕಾದಂಬರಿಯನ್ನು ನಾನು ಮೂರು ಸಲ ಶುರು ಮಾಡಿ, ಮೂರು ಸಲವೂ 32ನೇ ಅಧ್ಯಾಯದಲ್ಲಿ ಕೈಬಿಟ್ಟವನು. ಅದು ತಿಮಿಂಗಿಲಗಳ ವರ್ಗೀಕರಣದ ಅಧ್ಯಾಯ. ಚೆನ್ನಾಗಿ ಕಥೆ ಹೇಳ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಕಥೆ ನಿಲ್ಲಿಸಿ, ಪುಸ್ತಕದ ಅಂಗಡಿಯವನ ಹಾಗೆ ತಿಮಿಂಗಿಲಗಳನ್ನು ದೊಡ್ಡ ಸೈಜು, ಮಧ್ಯಮ ಸೈಜು, ಚಿಕ್ಕ ಸೈಜು ಅಂತ ಜೋಡಿಸೋಕೆ ಕೂತುಬಿಡ್ತಾನೆ. ಹೊಸ ಪ್ರಾಜೆಕ್ಟಿಗೆ ಸೇರಿದ ದಿನ ಕೈಗೆ ಕೊಡ್ತಾರಲ್ಲ, ಯಾರೂ ಓದದ ಡಾಕ್ಯುಮೆಂಟೇಶನ್ನು, ಥೇಟ್ ಅದೇ.

ಡೆಪ್ಯುಟೇಶನ್ ಮೇಲೆ ಬಾಸ್ಟನ್ ಹತ್ತಿರ ಇದ್ದ ಒಂದು ಚಳಿಗಾಲ. ಅಲ್ಲಿಂದ ಒಂದೂವರೆ ಗಂಟೆ ದಕ್ಷಿಣಕ್ಕೆ ಹೋದರೆ ನ್ಯೂ ಬೆಡ್‌ಫರ್ಡ್ ಅನ್ನೋ ಬಂದರು ಊರು ಸಿಗುತ್ತೆ. ಒಂದು ಕಾಲಕ್ಕೆ ತಿಮಿಂಗಿಲದ ಎಣ್ಣೆಯಿಂದ ಅರ್ಧ ಜಗತ್ತಿಗೆ ದೀಪ ಹಚ್ಚಿ ಸಿರಿವಂತವಾಗಿದ್ದ ಊರು. ನೆಲದಡಿಯ ಎಣ್ಣೆ ಸಿಕ್ಕ ಮೇಲೆ ಆ ಸಿರಿ ಕರಗಿತು. 1841ರ ಜನವರಿ 3ರಂದು ಇಪ್ಪತ್ತೊಂದು ವರ್ಷದ ಮೆಲ್ವಿಲ್ ‘ಅಕುಷ್ನೆಟ್’ ಅನ್ನೋ ತಿಮಿಂಗಿಲ ಬೇಟೆಯ ಹಡಗು ಹತ್ತಿ ಹೊರಟಿದ್ದು ಈ ಬಂದರಿನಿಂದಲೇ. ಅದರ ನೆನಪಿಗೆ ಅಲ್ಲಿನ ವೇಲಿಂಗ್ ಮ್ಯೂಸಿಯಂ 1997ರಿಂದ ಪ್ರತಿ ಜನವರಿಯಲ್ಲಿ ಈ ಕಾದಂಬರಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿಸುತ್ತೆ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಶುರು, ಭಾನುವಾರ ಮಧ್ಯಾಹ್ನ ಒಂದರ ಹೊತ್ತಿಗೆ ಮುಕ್ತಾಯ. ಹತ್ತಿರ ಹತ್ತಿರ ಇಪ್ಪತ್ತೈದು ಗಂಟೆ. ಓದೋರು ನೂರೈವತ್ತಕ್ಕೂ ಹೆಚ್ಚು ಜನ, ಒಬ್ಬೊಬ್ಬರಿಗೆ ಕೆಲವೇ ನಿಮಿಷ.

ಓದೋಕೆ ಮೊದಲೇ ಹೆಸರು ಕೊಡಬೇಕು. ನಾನು ಕೊಡಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮ್ಯೂಸಿಯಂ ಒಳಗೆ ‘ಲಗೋಡ’ ಅನ್ನೋ ಹಡಗಿನ ಅರ್ಧ ಅಳತೆಯ ಮಾದರಿ ಇದೆ. ಅರ್ಧ ಅಂದರೂ ನಮ್ಮೂರ ತೇರಿಗಿಂತ ಎಷ್ಟೋ ದೊಡ್ಡದು. ಅದರ ಪಕ್ಕ ಕುರ್ಚಿ ಹಾಕಿ ಜನ ಕೂತಿದ್ದರು. ಹೆಚ್ಚಿನವರ ತೊಡೆ ಮೇಲೂ ಒಂದೊಂದು ಪ್ರತಿ. ಯಾರೋ ಓದ್ತಾರೆ, ಉಳಿದವರು ಬೆರಳಿಟ್ಟು ಸಾಲು ಹಿಡೀತಾರೆ, ಪುಟ ಮಗುಚುವ ಸದ್ದು ಒಟ್ಟಿಗೇ ಕೇಳುತ್ತೆ. ಧರ್ಮೋಪದೇಶದ ಅಧ್ಯಾಯಗಳು ಬಂದಾಗ ಎಲ್ಲರೂ ಎದ್ದು ರಸ್ತೆ ದಾಟಿ ಎದುರಿನ ‘ಸೀಮೆನ್ಸ್ ಬೆಥೆಲ್’ ಚರ್ಚಿಗೆ ಹೋಗ್ತಾರೆ. ಕಾದಂಬರಿಯಲ್ಲಿ ಬರೋ ನಾವಿಕರ ಚರ್ಚು ಅದೇ. ಗೋಡೆ ತುಂಬ ಸಮುದ್ರದಲ್ಲಿ ಸತ್ತವರ ಹೆಸರಿನ ಕಲ್ಲುಗಳು. ಒಂದು ತಮಾಷೆ ಕೇಳಿ: ಹಡಗಿನ ಮೂತಿಯ ಆಕಾರದ ಉಪದೇಶಪೀಠ ಮೆಲ್ವಿಲ್‌ನ ಕಲ್ಪನೆ. 1956ರಲ್ಲಿ ಸಿನಿಮಾ ಬಂದ ಮೇಲೆ ನೋಡೋಕೆ ಬಂದವರೆಲ್ಲ ‘ಎಲ್ಲಿ ಆ ಪೀಠ?’ ಅಂತ ಕೇಳೋಕೆ ಶುರು ಮಾಡಿದರು. 1961ರಲ್ಲಿ ಚರ್ಚಿನವರು ಅಂಥದ್ದೇ ಒಂದನ್ನು ಕಟ್ಟಿಸಿಬಿಟ್ಟರು. ಈಗ ಓದುವವರು ಅದರ ಮೇಲೆ ನಿಂತೇ ಓದ್ತಾರೆ. ಪುಸ್ತಕ ನೋಡಿ ಊರು ತನ್ನನ್ನು ತಿದ್ದಿಕೊಂಡಿತು.

ಇನ್ನು ಓದಿನ ವಿಷಯ. ಮೊದಲ ನಾಲ್ಕು ಗಂಟೆ ನಮ್ಮಂಥವರಿಗೆ ಹಬ್ಬ. ಇಷ್ಮೇಲ್ ‘ಪೀಕ್ವಾಡ್’ ಹಡಗಿನಲ್ಲಿ ಕೆಲಸ ಕೇಳೋ 16ನೇ ಅಧ್ಯಾಯ ಬಂದಾಗ ನಾನು ಒಬ್ಬನೇ ಜೋರಾಗಿ ನಕ್ಕೆ. ಆ ಹಡಗುಗಳಲ್ಲಿ ಸಂಬಳ ಇಲ್ಲ, ಲಾಭದಲ್ಲಿ ಪಾಲು. ಇಷ್ಮೇಲ್ ತನಗೆ 275ನೇ ಒಂದು ಪಾಲಾದರೂ ಸಿಗುತ್ತೆ ಅಂದುಕೊಂಡಿರ್ತಾನೆ. ಹಡಗಿನ ಮಾಲೀಕರಲ್ಲೊಬ್ಬ ಬೈಬಲ್ ಓದ್ತಾ ಓದ್ತಾ 777ನೇ ಒಂದು ಸಾಕು ಅಂತಾನೆ. ಇನ್ನೊಬ್ಬ ಅವನ ಮೇಲೆ ರೇಗಾಡಿ ಕೊನೆಗೆ 300ಕ್ಕೆ ನಿಲ್ಲಿಸ್ತಾನೆ. ಆಫರ್ ಲೆಟರ್, ಇಸಾಪ್, ಒಬ್ಬ ಒಳ್ಳೆಯವ ಒಬ್ಬ ಕೆಟ್ಟವ ಥರ ಆಡೋ ಇಬ್ಬರು ಎಚ್ಆರ್‌ಗಳು, ಎಲ್ಲ 1851ರಲ್ಲೇ ಇತ್ತು! ಆಮೇಲೆ ಕ್ಯಾಪ್ಟನ್ ಏಹಬ್ ಬರ್ತಾನೆ. ಎಣ್ಣೆ ತರೋಕೆ ಹೊರಟ ಹಡಗನ್ನು ತನ್ನ ಕಾಲು ತಿಂದ ಬಿಳಿ ತಿಮಿಂಗಿಲದ ಬೆನ್ನು ಹತ್ತಿಸ್ತಾನೆ. ಕಂಬಕ್ಕೆ ಚಿನ್ನದ ನಾಣ್ಯ ಹೊಡೆದು ಮೊದಲು ಕಂಡವನಿಗೆ ಇದು ಅಂತಾನೆ. ಇದರಿಂದ ಎಷ್ಟು ಪೀಪಾಯಿ ಎಣ್ಣೆ ಬರುತ್ತೆ ಸ್ವಾಮಿ ಅಂತ ಕೇಳೋನು ಸ್ಟಾರ್‌ಬಕ್ ಒಬ್ಬನೇ. (ಹೌದು, ಕಾಫಿ ಅಂಗಡಿಗೆ ಹೆಸರು ಬಂದಿದ್ದು ಇವನಿಂದಲೇ.) ಮಧ್ಯದಲ್ಲಿ ರೋಡ್‌ಮ್ಯಾಪ್ ಬದಲಾಯಿಸಿದ ಸಿಇಒ ಅಂತ ಮನಸ್ಸಿನಲ್ಲೇ ಒಂದು ಪೋಸ್ಟ್ ಬರೆದುಕೊಂಡೆ.

ಸಂಜೆ ಆರರ ಹೊತ್ತಿಗೆ ನನ್ನ ಹಳೇ ಶತ್ರು ಬಂತು, 32ನೇ ಅಧ್ಯಾಯ. ಇಲ್ಲಿ ಸ್ಕ್ರಾಲ್ ಮಾಡೋ ಹಾಗಿಲ್ಲ, ಪುಟ ಹಾರಿಸೋ ಹಾಗಿಲ್ಲ. ಕನ್ನಡಕದ ಒಬ್ಬ ಅಜ್ಜಿ ತಿಮಿಂಗಿಲದ ರೆಕ್ಕೆ, ಕೊಬ್ಬು ಎಲ್ಲವನ್ನೂ ಮದುವೆ ಸಾಮಾನಿನ ಪಟ್ಟಿ ಓದೋ ಶ್ರದ್ಧೆಯಲ್ಲಿ ಓದಿದರು. ಜನ ನಗ್ತಿದ್ದರು! ನಾನು ಮೂರು ಸಲ ಬಿಟ್ಟ ಅಧ್ಯಾಯ ತಮಾಷೆಯದು ಅಂತ ನನಗೆ ಗೊತ್ತಾಗಿದ್ದು ಆಗ. ಕಣ್ಣಿಗೆ ಕಾಣದ ವ್ಯಂಗ್ಯ ಕಿವಿಗೆ ಬಿತ್ತು.

ಈ ಸಾಮೂಹಿಕ ಓದಿನ ದೊಡ್ಡ ಗುಣ ಇದೇ ಅಂತ ನನ್ನ ಅನಿಸಿಕೆ. ಒಬ್ಬರೇ ಓದುವಾಗ ನಾವು ಬೇಜಾರಿನ ಅಧ್ಯಾಯ ಹಾರಿಸ್ತೀವಿ, ಆಮೇಲೆ ಕ್ಲೈಮ್ಯಾಕ್ಸ್ ಸಪ್ಪೆ ಅಂತೀವಿ. ಉದಾಹರಣೆಗೆ 60ನೇ ಅಧ್ಯಾಯ, ಪೂರ್ತಿ ಹಗ್ಗದ ಬಗ್ಗೆ. ಈಟಿಗೆ ಕಟ್ಟಿದ ಹಗ್ಗ ದೋಣಿಯೊಳಗೆ ಹೇಗೆ ಸುತ್ತಿಕೊಂಡಿರುತ್ತೆ, ಪ್ರತಿಯೊಬ್ಬ ಹುಟ್ಟುಗಾರನ ಪಕ್ಕದಲ್ಲೇ ಹೇಗೆ ಹಾದುಹೋಗುತ್ತೆ, ತಿಮಿಂಗಿಲ ಎಳೆದಾಗ ಅದಕ್ಕೆ ಸಿಕ್ಕಿದವನ ಗತಿ ಏನು. ಶನಿವಾರ ಮಧ್ಯರಾತ್ರಿ ಸುಮಾರಿಗೆ ಅದನ್ನು ಆಕಳಿಸ್ತಾ ಕೇಳಿದ್ದೆ. ಭಾನುವಾರ ಮಧ್ಯಾಹ್ನ ಅದೇ ಹಗ್ಗ ಏಹಬ್‌ನ ಕುತ್ತಿಗೆಗೆ ಸುತ್ತಿ ಅವನನ್ನು ಕ್ಷಣದಲ್ಲಿ ಎಳೆದೊಯ್ದಾಗ ಮೆಲ್ವಿಲ್ ಅದನ್ನು ವಿವರಿಸೋದೇ ಇಲ್ಲ. ಒಂದೆರಡು ಸಾಲು, ಮುಗೀತು. ವಿವರಣೆ ನಮಗೆ ಆಗಲೇ ಗೊತ್ತು. ಹದಿಮೂರು ಗಂಟೆ ಹಿಂದೆ ಹಗ್ಗದ ಪಾಠ ಕೇಳಿದವರಿಗೆ ಮಾತ್ರ ಆ ಎರಡು ಸಾಲಿನ ತೂಕ ಗೊತ್ತಾಗೋದು.

ಆದರೆ ಎಲ್ಲವೂ ಚೆಂದ ಅಂತ ಹೇಳಿದರೆ ಸುಳ್ಳಾಗುತ್ತೆ. ಸಮಯ ಮುಗಿದ ಕೂಡಲೇ ‘ಥ್ಯಾಂಕ್ ಯೂ’ ಅಂತಾರೆ, ಮುಂದಿನವರು ಎದ್ದು ಬರ್ತಾರೆ. ಏಹಬ್‌ನ ಒಂದು ಸ್ವಗತ ಗಡಸು ದನಿಯ ಗಂಡಸಿನಲ್ಲಿ ಹತ್ತಿ, ಕಾಲೇಜು ಹುಡುಗಿಯ ದನಿಯಲ್ಲಿ ಇಳಿಯಿತು. ಇದು ಹಾನಿಯಾ? ಅಷ್ಟೇನೂ ಅಲ್ಲ. ಯಾಕಂದ್ರೆ ಈ ಕಾದಂಬರಿಯೇ ಹಾಗಿದೆ. ಕಥೆ ಹೇಳೋ ಇಷ್ಮೇಲ್ ನಡುವೆ ಎಲ್ಲೋ ಮಾಯ ಆಗ್ತಾನೆ. 40ನೇ ಅಧ್ಯಾಯ ಪೂರ್ತಿ ನಾಟಕ, ಬೇರೆ ಬೇರೆ ದೇಶದ ನಾವಿಕರ ಗಲಾಟೆ, ಅದರಲ್ಲಿ ನಮ್ಮ ಕಡೆಯ ಒಬ್ಬ ಲಸ್ಕರನೂ ಇದ್ದಾನೆ. ನಿಜವಾದ ಹಾನಿ ಬೇರೆ ಕಡೆ ಇದೆ.

ಬೆಳಗಿನ ಜಾವ ನಾಲ್ಕರ ಸುಮಾರು. ಒಂದರಿಂದ ಮೂರೂವರೆವರೆಗೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ 82ನೇ ಅಧ್ಯಾಯ ನಡೀತಿತ್ತು. ತಿಮಿಂಗಿಲ ಬೇಟೆ ಎಷ್ಟು ಘನವಾದ ಕಸುಬು ಅಂತ ತೋರಿಸೋಕೆ ಮೆಲ್ವಿಲ್ ಪರ್ಸಿಯಸ್, ಹರ್ಕ್ಯುಲಿಸ್, ಜೋನಾ ಎಲ್ಲರನ್ನೂ ತನ್ನ ಸಂಘಕ್ಕೆ ಸೇರಿಸ್ತಾನೆ. ಆಮೇಲೆ ವಿಷ್ಣುವನ್ನೂ! ಮತ್ಸ್ಯಾವತಾರದ ಮೀನು ಅವನ ಲೆಕ್ಕದಲ್ಲಿ ತಿಮಿಂಗಿಲ. ಅದರ ರೂಪದಲ್ಲಿ ಮುಳುಗಿ ವೇದಗಳನ್ನು ಮೇಲೆ ತಂದವನು ತಿಮಿಂಗಿಲದವನಲ್ಲದೆ ಇನ್ನೇನು ಅನ್ನೋ ತರ್ಕ. ಓದ್ತಿದ್ದವರು ಆ ಹೆಸರುಗಳಲ್ಲಿ ಒಂದು ಸಲ ಎಡವಿ ಮುಂದೆ ಹೋದರು. ನನಗೆ ಎದ್ದು ನಿಂತು ‘ಸ್ವಲ್ಪ ತಡೀರಿ’ ಅನ್ನಬೇಕು ಅನ್ನಿಸ್ತು.

ಯಾಕಂದ್ರೆ ನಾನು ಓದಿಸೋದನ್ನು ನೋಡಿ ಬೆಳೆದವನು. ತರೀಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಮಳೆ ಕೈಕೊಟ್ಟ ವರ್ಷ ಕುಮಾರವ್ಯಾಸನ ವಿರಾಟಪರ್ವ ಓದಿಸ್ತಿದ್ದರು. ಒಬ್ಬರು ಪದ್ಯ ಹೇಳೋರು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳೋರು. ಒಂದೊಂದು ಪದ್ಯಕ್ಕೆ ಅರ್ಧ ಗಂಟೆ ಹಿಡಿದರೂ ಯಾರಿಗೂ ಅವಸರ ಇರಲಿಲ್ಲ. ಕೀಚಕನ ಪ್ರಸಂಗ ಬಂದರೆ ಅರ್ಥ ಹೇಳೋರು ಊರಿನ ಶಾನುಭೋಗರ ಮನೆವರೆಗೂ ಹೋಗಿ ಬರೋರು. ನ್ಯೂ ಬೆಡ್‌ಫರ್ಡಿನಲ್ಲಿ ವಾಚನ ಇದೆ, ವ್ಯಾಖ್ಯಾನ ಇಲ್ಲ. ವಿದ್ವಾಂಸರನ್ನು ಪ್ರಶ್ನೆ ಕೇಳಿ ಸೋಲಿಸೋ ಒಂದು ಕಾರ್ಯಕ್ರಮ ಇದೆ, ಆದರೆ ಅದು ಓದಿನ ಹೊರಗೆ. ಒಳಗೆ ಪಠ್ಯ ಓಡ್ತಾನೇ ಇರಬೇಕು. ಅದಕ್ಕೇ ಇರಬೇಕು, ಮ್ಯಾರಥಾನ್ ಅಂತ ಹೆಸರು. ಓಟದಲ್ಲಿ ಮುಗಿಸೋದೇ ಮುಖ್ಯ, ‘ನಾನು ಪೂರ್ತಿ ಕೂತೆ’ ಅನ್ನೋದೇ ಮೆಡಲ್ಲು. ವಿಧಾನಸೌಧದ ಮುಂದೆ ಬೆವರು ಸುರಿಸಿ ಸೆಲ್ಫಿ ಹಾಕೋ ನಮಗೆ ಇದು ಹೊಸದಲ್ಲ.

ಹೀಗೆ ಒಂದು ತೀರ್ಪು ಸಿದ್ಧ ಮಾಡಿಕೊಂಡು ಕೂತಿದ್ದೆ. ಆರರ ಹೊತ್ತಿಗೆ 93ನೇ ಅಧ್ಯಾಯ ಬಂತು. ಓದೋಕೆ ಬಂದವನು ಹದಿಮೂರು ಹದಿನಾಲ್ಕು ವರ್ಷದ ಹುಡುಗ. ಪಿಪ್ ಹಡಗಿನಲ್ಲಿರೋ ಕಪ್ಪು ಹುಡುಗ. ಹೆದರಿ ದೋಣಿಯಿಂದ ಹಾರಿಬಿಡ್ತಾನೆ. ಮೇಲಿನವನು ಅವನಿಗೆ ಎಚ್ಚರಿಕೆ ಕೊಡ್ತಾನೆ: ಇನ್ನೊಮ್ಮೆ ಹಾರಿದರೆ ನಿನ್ನನ್ನು ಎತ್ತಿಕೊಳ್ಳಲ್ಲ, ಅಲಬಾಮಾ ಸಂತೆಯಲ್ಲಿ ನಿನಗೆ ಬರೋ ಬೆಲೆಯ ಮೂವತ್ತರಷ್ಟು ಒಂದು ತಿಮಿಂಗಿಲಕ್ಕೆ ಬರುತ್ತೆ ಅಂತ. ಪಿಪ್ ಮತ್ತೆ ಹಾರ್ತಾನೆ. ನಡು ಸಮುದ್ರದಲ್ಲಿ ಒಬ್ಬನೇ ಉಳೀತಾನೆ. ಆಕಸ್ಮಿಕವಾಗಿ ಹಡಗು ಅವನನ್ನು ಎತ್ತಿಕೊಳ್ಳುತ್ತೆ, ಬುದ್ಧಿ ಮಾತ್ರ ಅಲ್ಲೇ ಉಳಿಯುತ್ತೆ. ಆ ಹುಡುಗ ಅಲಬಾಮಾದ ಸಾಲಿಗೆ ಬಂದಾಗ ತಡವರಿಸಿದ. ಮತ್ತೆ ಮೊದಲಿಂದ ಆ ವಾಕ್ಯ ಓದಿದ. ಚೌಡರ್ ಕುಡೀತಿದ್ದವರ ಚಮಚದ ಸದ್ದೂ ನಿಂತಿತು. ಯಾರೂ ಅರ್ಥ ಹೇಳಲಿಲ್ಲ. ಹೇಳೋ ಅಗತ್ಯವೂ ಇರಲಿಲ್ಲ. ನನ್ನ ಸಿಇಒ ಜೋಕು ಅಲ್ಲಿಗೇ ಸತ್ತುಹೋಯ್ತು. ಇಷ್ಮೇಲ್ ಪಾಲಿಗೆ ಚೌಕಾಸಿ ಮಾಡಬಹುದಿತ್ತು. ಪಿಪ್‌ಗೆ ಬೇರೆಯವರು ಬೆಲೆ ಕಟ್ಟಿಯಾಗಿತ್ತು. ಇವೆರಡನ್ನೂ ಆಫೀಸಿಗೆ ಹೋಲಿಸಿ ನಗೋದು ಅಷ್ಟು ಸುಲಭ ಅಲ್ಲ.

ಒಬ್ಬನ ತಡವರಿಕೆಯೇ ವ್ಯಾಖ್ಯಾನ ಆಗಬಹುದು ಅಂತ ನನಗೆ ಗೊತ್ತಿರಲಿಲ್ಲ. ಬೆಂಗಳೂರಿನ ಕಲಾಗ್ರಾಮದಲ್ಲಿ ‘ಮಲೆಗಳಲ್ಲಿ ಮದುಮಗಳು’ ನಾಟಕವನ್ನು ರಾತ್ರಿಯಿಡೀ ಕೂತು ನೋಡಿದ್ದೀನಿ. ಅದು ದೊಡ್ಡ ಅನುಭವ, ಆದರೆ ಅಲ್ಲಿ ಕಲಿತ ನಟರು ನಮಗಾಗಿ ಕಾದಂಬರಿಯನ್ನು ಹೊತ್ತಿದ್ದರು. ಇಲ್ಲಿ ಕಲಿಯದವರು ತಾವೇ ಹೊರ್ತಾರೆ, ಎಡವ್ತಾರೆ, ಪಕ್ಕದವರಿಗೆ ದಾಟಿಸ್ತಾರೆ. ಅಜೋರ್ಸ್, ಕೇಪ್ ವರ್ಡ್ ದ್ವೀಪಗಳಿಂದ ಬಂದ ನಾವಿಕರ ವಂಶದವರು ಈ ಊರಲ್ಲಿ ಬಹಳ. ಅವರಿಗಾಗಿ ಪೋರ್ಚುಗೀಸ್ ಭಾಷೆಯಲ್ಲೂ ಒಂದು ಚಿಕ್ಕ ಓದು ನಡೆಯುತ್ತೆ. ಬರೆದವನು ಬದುಕಿದ್ದಾಗ ಈ ಪುಸ್ತಕ ಮೂರು ಸಾವಿರದ ಆಸುಪಾಸು ಪ್ರತಿಯಷ್ಟೇ ಹೋಗಿತ್ತು. ಆತ ಹತ್ತೊಂಬತ್ತು ವರ್ಷ ನ್ಯೂಯಾರ್ಕಿನ ಸುಂಕದ ಕಟ್ಟೆಯಲ್ಲಿ ದುಡಿದು, 1891ರಲ್ಲಿ ಹೆಚ್ಚು ಕಡಿಮೆ ಮರೆತುಹೋದವನಾಗಿ ಸತ್ತ.

ಬೆಳಿಗ್ಗೆ ಎಂಟಕ್ಕೆ ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. ಅಲ್ಲಿ ಸಂಜೆ ಆರೂವರೆ.

‘ಇನ್ನೂ ಓದ್ತಾನೇ ಇದಾರೇನೋ?’ ಅಂದರು ಅಪ್ಪ.

‘ಹೂಂ ಅಪ್ಪ, ಇನ್ನೂ ಐದು ಗಂಟೆ ಇದೆ.’

‘ಅರ್ಥ ಹೇಳೋರು ಯಾರು?’

‘ಯಾರೂ ಇಲ್ಲ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀನು ಓದಿದ್ಯಾ?’ ಅಂದರು.

ಹೆಸರು ಯಾಕೆ ಕೊಡಲಿಲ್ಲ ಅಂತ ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ. ಹತ್ತನೇ ವಯಸ್ಸಿನಲ್ಲಿ ದೇವಸ್ಥಾನದ ಜಗಲಿ ಮೇಲೆ ಒಂದು ಪದ್ಯ ಓದೋಕೆ ಅಪ್ಪ ನನ್ನನ್ನು ಕೂರಿಸಿದ್ದರು. ಪದ ಬಿಡಿಸೋದರಲ್ಲಿ ತಪ್ಪಿದೆ, ಅರ್ಥ ಅನರ್ಥ ಆಯ್ತು, ಊರೆಲ್ಲ ನಕ್ಕಿತು. ಆಮೇಲೆ ಇಪ್ಪತ್ತೈದು ವರ್ಷ, ಸ್ಲೈಡು ಬಿಟ್ಟರೆ ಬೇರೇನನ್ನೂ ಜನರ ಮುಂದೆ ಗಟ್ಟಿಯಾಗಿ ಓದಿಲ್ಲ. ಇಂಗ್ಲಿಷಿನಲ್ಲಿ, ಅದೂ ಅಮೆರಿಕದವರ ಮುಂದೆ? ಕೇಳಲೇಬೇಡಿ.

ಈಗ ಊರಲ್ಲಿ ಓದಿಸೋರಿಲ್ಲ. ಅಪ್ಪನಿಗೆ ಕಣ್ಣು ಮಂಜು, ಅಕ್ಷರ ಕಾಣಲ್ಲ. ವಾಪಸ್ ಬಂದ ಮೇಲೆ ಭಾನುವಾರ ರಾತ್ರಿ ಫೋನಿನಲ್ಲಿ ಹತ್ತು ನಿಮಿಷ ವಿರಾಟಪರ್ವ ಓದ್ತೀನಿ. ದಿನಕ್ಕೆ ನಾಲ್ಕು ಪದ್ಯ ದಾಟಿದ್ದಿಲ್ಲ. ತಪ್ಪು ಕಡೆ ಪದ ಮುರಿದರೆ ಆ ಕಡೆಯಿಂದ ‘ತಡಿ, ತಡಿ’ ಅಂತ ಕೇಳಿಸುತ್ತೆ. ನಿಲ್ಲಿಸ್ತೀನಿ. ಅಪ್ಪ ಅರ್ಥ ಹೇಳೋಕೆ ಶುರು ಮಾಡ್ತಾರೆ. ಈ ಲೆಕ್ಕದಲ್ಲಿ ಪರ್ವ ಮುಗಿಯೋಕೆ ಎಷ್ಟು ವರ್ಷ ಬೇಕೋ, ನಾವಿಬ್ಬರೂ ಲೆಕ್ಕ ಹಾಕಿಲ್ಲ.