ಚೆಲ್ಸೀ ಸರದಿಯ ಲೆಕ್ಕ

2022ರ ಮಂಕಿಪಾಕ್ಸ್ ಹಾವಳಿಯ ಮಾತು ಬಂದರೆ ಸಾಕು, ನ್ಯೂಯಾರ್ಕ್ ನಗರದ ಲಸಿಕೆ ಅಭಿಯಾನವನ್ನು ಮಾದರಿ ಎಂದು ಎತ್ತಿ ತೋರಿಸುವುದು ಸಾರ್ವಜನಿಕ ಆರೋಗ್ಯದ ಬಗ್ಗೆ ಬರೆಯುವವರಿಗೆ ರೂಢಿಯಾಗಿದೆ. ಕೆಲವೇ ತಿಂಗಳಲ್ಲಿ ಲಕ್ಷಕ್ಕೂ ಮಿಕ್ಕಿ ಡೋಸ್, ಇಳಿದ ಸೋಂಕು: ಇಷ್ಟೇ ಅವರ ಪುರಾವೆ. ರೋಗ ಹೇಗೆ ಹರಡಿತು, ಪುರುಷರೊಂದಿಗೆ ಲೈಂಗಿಕ ಸಂಪರ್ಕವಿರುವ ಪುರುಷರಲ್ಲೇ ಏಕೆ ಹೆಚ್ಚಿತು ಎಂಬುದು ಓದುಗರಿಗೆ ಗೊತ್ತಿರುವುದೇ. ನೇರವಾಗಿ ಜೂನ್ 23ಕ್ಕೆ ಬರುತ್ತೇನೆ.

ಅಂದು ಗುರುವಾರ. ಮ್ಯಾನ್‌ಹಟನ್‌ನ ಚೆಲ್ಸೀ ಕ್ಲಿನಿಕ್ಕಿನಲ್ಲಿ ಲಸಿಕೆ ಸಿಗುತ್ತದೆ ಎಂದು ನಗರಾಡಳಿತ ಅದೇ ಬೆಳಿಗ್ಗೆ ಪ್ರಕಟಿಸಿ, 11 ಗಂಟೆಗೆ ಬಾಗಿಲು ತೆರೆಯಿತು. ಕೈಯಲ್ಲಿದ್ದದ್ದು ಸುಮಾರು 1,000 ಡೋಸ್. ಸರದಿ ಬೀದಿ ತಿರುಗಿ ಬೆಳೆಯಿತು. ಮಧ್ಯಾಹ್ನದ ಹೊತ್ತಿಗೆಲ್ಲ ಬಂದವರನ್ನು ವಾಪಸ್ ಕಳಿಸತೊಡಗಿದರು. ಈ ಸರದಿಯನ್ನು ಸಮುದಾಯದ ಉತ್ಸಾಹಕ್ಕೆ ಸಾಕ್ಷಿ ಎನ್ನುತ್ತಾರೆ. ಕೆಲಸದ ದಿನ, ಹಗಲು ಹನ್ನೊಂದಕ್ಕೆ, ಗಂಟೆಯೂ ಮುಂಚೆ ಸಿಗದ ಸುದ್ದಿ ಹಿಡಿದು ಹೊರಟು ನಿಲ್ಲಬಲ್ಲವರು ಯಾರು? ಹೇಳದೆ ಕೇಳದೆ ಕಚೇರಿಯಿಂದ ಎದ್ದು ಬರಬಹುದಾದವರು, ಮನೆಯಿಂದಲೇ ಕೆಲಸ ಮಾಡುವವರು, ಆಸುಪಾಸಿನಲ್ಲೇ ಬಾಡಿಗೆ ಕಟ್ಟುವ ಶಕ್ತಿಯುಳ್ಳವರು. ಬ್ರಾಂಕ್ಸ್‌ನ ಗೋದಾಮಿನಲ್ಲಿ ಪಾಳಿ ಮಾಡುವವನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಲಸಿಕೆ ಮುಗಿದಿತ್ತು. ಸಾಲಿನಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ನಿಯಮ ನೋಡಲು ನಿಷ್ಪಕ್ಷಪಾತ. ಆದರೆ ಹೊತ್ತು ಗೊತ್ತು ಮಾಡಿದ ಕ್ಷಣವೇ ಪಾಲು ಹಂಚಿಹೋಗಿತ್ತು. 2021ರಲ್ಲಿ ಕೋವಿನ್ ಸ್ಲಾಟ್ ಹಿಡಿದು ಬೆಂಗಳೂರಿನಿಂದ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಕಾರು ಓಡಿಸಿದವರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಗರದ ಪರವಾಗಿ ಒಂದು ಮಾತು: ಡೋಸ್ ಕೊರತೆ ಅದರ ತಪ್ಪಲ್ಲ. ಅಮೆರಿಕಕ್ಕೆ ಸೇರಿದ ಹತ್ತು ಲಕ್ಷದಷ್ಟು ಡೋಸ್ ಡೆನ್ಮಾರ್ಕಿನಲ್ಲಿ ತಪಾಸಣೆಗೆ ಕಾದು ಕೂತಿತ್ತು. ಜುಲೈನಲ್ಲಿ ಹಾರ್ಲೆಮ್, ಕರೋನಾ ಬಡಾವಣೆಗಳಲ್ಲೂ ಕೇಂದ್ರ ತೆರೆದರು. ಒಪ್ಪಿದೆ.

ಒಪ್ಪಲಾಗದ್ದು ಅಭಿಯಾನದ ವಕೀಲರ ವಾದ. ಆಗಸ್ಟಿನಲ್ಲಿ ನಗರದ ಆರೋಗ್ಯ ಇಲಾಖೆಯೇ ಕೊಟ್ಟ ಅಂಕಿಯಂತೆ, ಅಪಾಯದಲ್ಲಿದ್ದವರ ಪೈಕಿ ಕಪ್ಪು ಜನ ಶೇ. 31, ಅವರಿಗೆ ಸಿಕ್ಕ ಡೋಸ್ ಶೇ. 12. ಇದಕ್ಕೆ ಈ ವಕೀಲರು ಕೊಡುವ ಕಾರಣ ಹಿಂಜರಿಕೆ. ಕಪ್ಪು ಜನರ ಮೇಲೆ ನಡೆದ ಟಸ್ಕೆಗೀಯ ಕರಾಳ ಪ್ರಯೋಗದಿಂದ ಹುಟ್ಟಿದ ಅಪನಂಬಿಕೆಯಂತೆ! ಅಪನಂಬಿಕೆ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸರದಿಯಿಂದ ಜನರನ್ನು ವಾಪಸ್ ಕಳಿಸುತ್ತಿದ್ದ, ಜುಲೈನಲ್ಲಿ ಬುಕಿಂಗ್ ಜಾಲತಾಣ ಕುಸಿದುಬಿದ್ದ ದಿನಗಳಲ್ಲಿ ಬೇಡ ಎನ್ನಲು ಯಾರ ಮುಂದೆ ಲಸಿಕೆ ಇಟ್ಟಿದ್ದರು? ವ್ಯವಸ್ಥೆಯ ಲೋಪವನ್ನು ವಂಚಿತರ ಮನಸ್ಸಿಗೆ ಅಂಟಿಸುವ ಈ ಜಾಣತನ ಹಳೆಯದು. ಪಂಡಿತರು ಅದಕ್ಕೆ ಇತಿಹಾಸಪ್ರಜ್ಞೆಯ ಶಾಲು ಹೊದಿಸಿದ್ದಾರೆ ಅಷ್ಟೆ.

ಇನ್ನು ಸೋಂಕು ಇಳಿಸಿದ ಕೀರ್ತಿ. ಒಂದು ಡೋಸನ್ನು ಐದು ಮಾಡಿ ಚರ್ಮದ ಪದರದೊಳಗೆ ಚುಚ್ಚುವ ಉಪಾಯಕ್ಕೆ ಅಮೆರಿಕ ಸರ್ಕಾರದ ಅನುಮತಿ ಸಿಕ್ಕಿದ್ದು ಆಗಸ್ಟ್ 9ರಂದು. ಆ ದೇಶದಲ್ಲಿ ಹೊಸ ಪ್ರಕರಣಗಳು ಶಿಖರ ಮುಟ್ಟಿದ್ದೂ ಆಗಸ್ಟ್ ಮೊದಲ ಭಾಗದಲ್ಲೇ. ಎರಡು ಡೋಸ್‌ಗಳ ನಡುವೆ 28 ದಿನ ಬೇಕಾದ ಲಸಿಕೆ ಈ ಇಳಿಕೆಯನ್ನು ಆರಂಭಿಸಿತೆನ್ನುವುದು ಕಷ್ಟ. ಅದೇ ತಿಂಗಳ ಸಮೀಕ್ಷೆಯೊಂದರಲ್ಲಿ ಸಲಿಂಗಿ, ದ್ವಿಲಿಂಗಿ ಪುರುಷರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಂಗಾತಿಗಳ ಸಂಖ್ಯೆ ತಗ್ಗಿಸಿದ್ದೇವೆ ಎಂದಿದ್ದರು. ಗೆಳೆಯರು ಗೆಳೆಯರಿಗೆ ಎಚ್ಚರಿಕೆ ಹೇಳಿ ಮಾಡಿದ ಆ ಕೆಲಸಕ್ಕೆ ಡೋಸ್ ಲೆಕ್ಕದ ಪಟ್ಟಿಯಲ್ಲಿ ಕಾಲಂ ಇಲ್ಲ. ಲಸಿಕೆ ವ್ಯರ್ಥ ಎಂದಲ್ಲ. ಮುಂದಿನ ಅಧ್ಯಯನಗಳು ಅದರ ರಕ್ಷಣೆಯನ್ನು ದೃಢಪಡಿಸಿವೆ. ಕೀರ್ತಿ ಮಾತ್ರ ತಪ್ಪು ವಿಳಾಸಕ್ಕೆ ಹೋಗಿದೆ.

ಮಾಂಟ್ರಿಯಲ್ ಜೂನ್ ಆರಂಭದಲ್ಲೇ, ಸೋಂಕಿತರ ಸಂಪರ್ಕಕ್ಕೆ ಬಾರದವರಿಗೂ ಲಸಿಕೆ ಕೊಡತೊಡಗಿತು; ಹೊರಗಿನಿಂದ ಬಂದ ಪ್ರವಾಸಿಗರನ್ನೂ ದೂರವಿಡಲಿಲ್ಲ. ಅದರ ಪಕ್ಕಕ್ಕಿಟ್ಟರೆ ನ್ಯೂಯಾರ್ಕಿನ ಮೊದಲ ವಾರಗಳು ಕಳಪೆ. ಅವನ್ನು ಮಾದರಿ ಎಂದು ಪಾಠ ಮಾಡುವುದು ನಿಲ್ಲಬೇಕು.