ಸಿಸೇರಿಯನ್ನಿನ ತರುವಾಯದ ನೋವು: ಎರಡು ಪ್ರಬಂಧಗಳ ವಿಮರ್ಶೆ

ವೈದ್ಯಶಾಸ್ತ್ರದ ಪ್ರಬಂಧವನ್ನು ಸಾಹಿತ್ಯವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಸಲ್ಲದೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಆ ಪ್ರಬಂಧದ ಸಿದ್ಧಾಂತವು ಪ್ರಯೋಗದಿಂದ ಹುಟ್ಟಿದರೂ ಓದುವವನನ್ನು ಮುಟ್ಟುವುದು ವಾಕ್ಯಗಳ ಮೂಲಕವೇ. ವಿಷಯವು ನೋವಾದಾಗಲಂತೂ ಅಳೆಯುವ ವಸ್ತುವೇ ನೊಂದವಳ ಮಾತು. ಆದಕಾರಣ ಇಂಥ ಬರಹವನ್ನು ಓದುವ ಕ್ರಮವೂ ವಿಚಾರಾರ್ಹವಾದುದೇ.

ಹೊಟ್ಟೆಯನ್ನು ಕೊಯ್ದು ಶಿಶುವನ್ನು ತೆಗೆದ ಮೇಲೆ ತಾಯಿಯ ನೋವನ್ನು ತಗ್ಗಿಸಲು ಬಳಸುವ ಸ್ಥಳೀಯ ಅರಿವಳಿಕೆಗಳಲ್ಲಿ ಲಿಗ್ನೋಕೇನ್, ಬುಪಿವಕೇನ್, ರೋಪಿವಕೇನ್ ಎಂಬ ಮೂರು ಹೆಸರಾದವು. ಮೊದಲನೆಯದು ಬೇಗನೆ ಹಿಡಿದು ಬೇಗನೆ ಇಳಿಯುತ್ತದೆ; ಉಳಿದೆರಡು ಹೆಚ್ಚು ಹೊತ್ತು ನಿಲ್ಲುತ್ತವೆ. ಬುಪಿವಕೇನ್ ಅಪ್ಪಿತಪ್ಪಿ ರಕ್ತನಾಳವನ್ನು ಸೇರಿದರೆ ಹೃದಯಕ್ಕೆ ಅಪಾಯವೆಂಬುದನ್ನು ೧೯೭೯ರಲ್ಲಿ ಆಲ್‌ಬ್ರೈಟ್ ಎಂಬ ವೈದ್ಯರು ಎತ್ತಿ ತೋರಿಸಿದರು. ಆ ಅಪಾಯವು ಕಡಮೆಯೆನಿಸಿದ ರೋಪಿವಕೇನ್ ೧೯೯೦ರ ದಶಕದಲ್ಲಿ ಬಳಕೆಗೆ ಬಂದಿತು. ಎರಡರ ಅಣುರಚನೆಗಳಿಗೆ ಭೇದವು ಅತ್ಯಲ್ಪ: ಪಕ್ಕದ ಸರಪಳಿಯಲ್ಲಿ ಒಂದು ಇಂಗಾಲ ಕಡಮೆ; ಮತ್ತು ಎಡಬಲದ ಕನ್ನಡಿರೂಪಗಳೆರಡರಲ್ಲಿ ರೋಪಿವಕೇನಿಗೆ ಒಂದೇ ಉಂಟು. ಹಸ್ತಪ್ರತಿಯಲ್ಲಿ ಒಂದಕ್ಷರದ ಪಾಠಾಂತರದಿಂದ ಅರ್ಥವೇ ಬೇರೆಯಾಗುವುದನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರದು.

ಆದರೆ ಮದ್ದುಗಳನ್ನು ಪರಸ್ಪರ ಹೋಲಿಸುವುದಕ್ಕೆ ಮುಂಚೆ ಹೋಲಿಕೆಯ ನೆಲೆಯನ್ನೇ ಪರೀಕ್ಷಿಸಬೇಕು. ಒಂದೇ ಮದ್ದು ಎರಡು ಕಡೆ ಎರಡು ಬಗೆಯ ಫಲವನ್ನು ಕೊಟ್ಟ ನಿದರ್ಶನವುಂಟು. ೨೦೦೮ರಲ್ಲಿ ಐರ್ಲೆಂಡಿನ ಮ್ಯಾಕ್‌ಡಾನೆಲ್ ಮತ್ತು ಸಂಗಡಿಗರು ೫೦ ಮಂದಿ ತಾಯಂದಿರ ಪ್ರಯೋಗವೊಂದನ್ನು ಪ್ರಕಟಿಸಿದರು. ಹೊಟ್ಟೆಯ ಗೋಡೆಯ ಸ್ನಾಯುಪದರಗಳ ನಡುವೆ ಹಾಯುವ ನರಗಳ ಬಳಿ ಕೆಲವರಿಗೆ ರೋಪಿವಕೇನನ್ನೂ ಉಳಿದವರಿಗೆ ಬರಿಯ ಲವಣಜಲವನ್ನೂ ಕೊಡಲಾಯಿತು. ನೋವು ಹೆಚ್ಚಿದಾಗ ತಾಯಿಯೇ ಗುಂಡಿಯನ್ನೊತ್ತಿ ಮಾರ್ಫೀನನ್ನು ಪಡೆಯುವಂತಿತ್ತು. ೪೮ ಗಂಟೆಗಳಲ್ಲಿ ಲವಣಜಲದ ಗುಂಪಿಗೆ ಸರಾಸರಿ ೬೬ ಮಿಲಿಗ್ರಾಂ ಮಾರ್ಫೀನ್ ಬೇಕಾದರೆ, ರೋಪಿವಕೇನಿನ ಗುಂಪಿಗೆ ೧೮ ಮಿಲಿಗ್ರಾಂ ಸಾಕಾಯಿತು.

ಮರುವರ್ಷವೇ ಕೆನಡಾದ ಟೊರಾಂಟೋದಿಂದ ಕಾಸ್ಟೆಲೋ ಮತ್ತು ಸಂಗಡಿಗರ ಪ್ರಬಂಧವು ಹೊರಬಂದಿತು. ಮದ್ದು ಅದೇ, ನರಗಳೂ ಅವೇ. ಫಲ ಮಾತ್ರ ಇಲ್ಲ. ಹಾಗಾದರೆ ಎರಡರಲ್ಲಿ ಒಂದು ಸುಳ್ಳೇ? ಅಲ್ಲ. ಟೊರಾಂಟೋದಲ್ಲಿ ಎಲ್ಲ ತಾಯಂದಿರಿಗೂ ಬೆನ್ನುಹುರಿಯ ಸುತ್ತಣ ದ್ರವಕ್ಕೆ ಮೊದಲೇ ಅಲ್ಪಪ್ರಮಾಣದ ಮಾರ್ಫೀನನ್ನು ಸೇರಿಸಿದ್ದರು. ಐರ್ಲೆಂಡಿನಲ್ಲಿ ಹಾಗೆ ಮಾಡಿರಲಿಲ್ಲ. ದ್ರಾವಣದ ಸಾಂದ್ರತೆಯೂ ಭಿನ್ನ: ಅಲ್ಲಿ ಶೇಕಡಾ ೦.೭೫, ಇಲ್ಲಿ ಅದರ ಅರ್ಧ. ಆದಕಾರಣ ಇವೆರಡರಿಂದಲೇ ಕಾರಣವನ್ನು ನಿರ್ಣಯಿಸುವುದು ಸಾಹಸ. ಆದರೆ ೨೦೧೨ರಲ್ಲಿ ಪ್ರಕಟವಾದ ಸಮೀಕ್ಷೆಗಳು, ಬೆನ್ನಿನ ಮಾರ್ಫೀನ್ ದೊರೆಯದ ತಾಯಂದಿರಿಗೆ ಈ ವಿಧಾನವು ಉಪಕಾರಿ, ದೊರೆತವರಿಗೆ ಹೆಚ್ಚಿನ ಲಾಭವಿಲ್ಲ ಎಂಬ ಕಡೆಗೇ ವಾಲಿದವು.

ಇಲ್ಲಿ ಶೀರ್ಷಿಕೆಗಳನ್ನು ಗಮನಿಸಬೇಕು. ಟೊರಾಂಟೋದ ಪ್ರಬಂಧವು, ಬೆನ್ನಿನ ಮಾರ್ಫೀನನ್ನು ಒಳಗೊಂಡ ಚಿಕಿತ್ಸೆಯ ಅಂಗವಾದಾಗ ಎಂಬ ನಿಬಂಧನೆಯನ್ನು ತನ್ನ ಹೆಸರಿನಲ್ಲಿಯೇ ಹೊತ್ತಿದೆ. ಐರ್ಲೆಂಡಿನ ಪ್ರಬಂಧದ ಹೆಸರಿನಲ್ಲಿ ಅಂಥ ನಿಬಂಧನೆಯಿಲ್ಲ. ಅದನ್ನು ಪ್ರಯೋಗದ ವಿವರಣೆಯಲ್ಲಿ ಹುಡುಕಬೇಕು. ಪ್ರಕರಣವನ್ನು ಬಿಟ್ಟು ಪದದ ಅರ್ಥವನ್ನು ನಿಶ್ಚಯಿಸಬಾರದೆಂಬ ಹಳೆಯ ನಿಯಮವು ಇಲ್ಲಿಯೂ ನಿಲ್ಲುತ್ತದೆ. ಬರವಣಿಗೆಯ ದೃಷ್ಟಿಯಿಂದ ಎರಡನೆಯ ಶೀರ್ಷಿಕೆಯೇ ಮೇಲು. ಉದ್ದವಾದರೂ ಅದು ಓದುವವನನ್ನು ದಾರಿತಪ್ಪಿಸದು.

ಇನ್ನೊಂದು ಕೊರತೆಯು ಈ ಬಗೆಯ ಬರಹಗಳಿಗೆಲ್ಲ ಸಾಮಾನ್ಯವಾದುದು. ನೋವೆಷ್ಟು ಎಂದು ಕೇಳಿ, ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿಯನ್ನು ಪಡೆಯುವುದು ವಾಡಿಕೆ. ಆದರೆ ಸಿಸೇರಿಯನ್ನಿನ ತರುವಾಯ ನೋವುಗಳು ಎರಡು: ಕೊಯ್ದ ಗಾಯದ್ದೊಂದು, ಸಂಕುಚಿಸುವ ಗರ್ಭಕೋಶದ್ದೊಂದು. ಮಗು ಮೊಲೆಯುಣ್ಣುವಾಗ ಎರಡನೆಯದು ಹೆಚ್ಚುತ್ತದೆ. ಹೊಟ್ಟೆಯ ಗೋಡೆಯ ನರಗಳಿಗೆ ಕೊಟ್ಟ ಅರಿವಳಿಕೆಯು ಮೊದಲನೆಯದನ್ನು ತಡೆದೀತು, ಎರಡನೆಯದನ್ನು ಮುಟ್ಟದು. ಒಂದೇ ಅಂಕಿಯೊಳಗೆ ಎರಡೂ ಬೆರೆತರೆ, ಗಾಯದ ನೋವು ಪೂರ್ತಿ ಅಡಗಿದ್ದರೂ ಮದ್ದು ಸೋತಂತೆ ಕಾಣುತ್ತದೆ.

ಅಂಕಿ ಬೆರೆಸಿದುದನ್ನು ಮಾತು ಬಿಡಿಸಬಲ್ಲುದು. ೧೯೭೫ರಲ್ಲಿ ರೊನಾಲ್ಡ್ ಮೆಲ್ಜಾಕ್ ಪ್ರಕಟಿಸಿದ ಮ್ಯಾಕ್‌ಗಿಲ್ ಪ್ರಶ್ನಾವಳಿಯು ನೋವನ್ನು ಬಣ್ಣಿಸುವ ೭೮ ಇಂಗ್ಲಿಷ್ ಪದಗಳನ್ನು ೨೦ ಗುಂಪುಗಳಾಗಿ ವಿಂಗಡಿಸಿದುದು ಈ ತಿಳಿವಿನಿಂದಲೇ. ಕನ್ನಡವೂ ಈ ವಿಷಯದಲ್ಲಿ ಬಡವಲ್ಲ. ನೋವು ದೇಶ್ಯ, ಬೇನೆ ವೇದನೆಯ ತದ್ಭವ, ಶೂಲೆ ಆಯುಧದ ಹೆಸರಿನಿಂದ ಬಂದುದು. ಗಾಯ ಉರಿಯುತ್ತದೆ, ಹೊಲಿಗೆ ಎಳೆಯುತ್ತದೆ, ಹೊಟ್ಟೆ ಕಿವುಚುತ್ತದೆ ಎಂದು ಬಾಣಂತಿಯು ಹೇಳಿದರೆ ಆ ಮೂರು ಕ್ರಿಯಾಪದಗಳಲ್ಲಿ ನೋವಿನ ನೆಲೆಯೂ ಬಗೆಯೂ ಅಡಗಿವೆ. ಕನ್ನಡನಾಡಿನ ಹೆರಿಗೆ ಆಸ್ಪತ್ರೆಗಳಲ್ಲಿ ಇಂಥ ಹೋಲಿಕೆ ನಡೆಯುವಾಗ ಇಂಗ್ಲಿಷ್ ಪದಗಳ ಅನುವಾದಕ್ಕಿಂತ ಈ ಕ್ರಿಯಾಪದಗಳ ಸಂಗ್ರಹವು ಹೆಚ್ಚು ಉಪಯುಕ್ತ. ಅದನ್ನು ಸಿದ್ಧಪಡಿಸುವುದು ವೈದ್ಯರೂ ಭಾಷಾಧ್ಯಾಪಕರೂ ಕೂಡಿ ಮಾಡಬೇಕಾದ ಕೆಲಸ.

ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ನಿಬಂಧನೆಯನ್ನು ಕಳಚಿ, ಪ್ರಯೋಜನವಿಲ್ಲ ಎಂಬ ಮಾತನ್ನಷ್ಟೇ ಎತ್ತಿಕೊಂಡರೆ ನಷ್ಟವಾಗುವುದು ಬೆನ್ನಿನ ಮಾರ್ಫೀನ್ ಸಲ್ಲದ ಅಥವಾ ಸಿಕ್ಕದ ತಾಯಿಗೆ. ಅವಳಿಗೆ ಆಸರೆಯಾಗಬಹುದಾದ ಮದ್ದು ಅವಳಿಗೇ ತಪ್ಪುತ್ತದೆ.